‘ಹೋಮ್’ ಬೇರೆ ಭಾಗದಲ್ಲಿದ್ದರೆ ಫೈಲುಗಳು ಉಳಿಯುತ್ತವೆಯೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ಕಾಫಿ ತೋಟ. ಲೆಕ್ಕಪತ್ರ, ಫೋಟೊ ಎಲ್ಲ ಲ್ಯಾಪ್‌ಟಾಪಿನಲ್ಲಿವೆ. 512 ಜಿಬಿ ಎಸ್‌ಎಸ್‌ಡಿ ಇದೆ, ವಿಂಡೋಸ್ ತೆಗೆದು ಲಿನಕ್ಸ್ ಹಾಕಬೇಕು. ಡಿಸ್ಕನ್ನು ಎಷ್ಟು ಭಾಗ ಮಾಡಲಿ? ಹೋಮ್ (ನಮ್ಮ ಫೈಲುಗಳಿರುವ ಫೋಲ್ಡರ್) ಬೇರೆ ಭಾಗ ಮಾಡಿದರೆ ಫೈಲುಗಳು ಸುರಕ್ಷಿತ ತಾನೆ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. 1 ಜಿಬಿಯ ಇಎಫ್‌ಐ ಭಾಗ (ಬೂಟ್ ಆಗಲು ಬೇಕಾದದ್ದು), ಉಳಿದದ್ದೆಲ್ಲ ರೂಟ್ (ಲಿನಕ್ಸಿನ ಎಲ್ಲ ಫೋಲ್ಡರುಗಳ ಬುಡ), ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಎಕ್ಸ್‌ಟಿ4. ಸ್ವಾಪ್‌ಗೆ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕಿನ ಜಾಗ) ಪ್ರತ್ಯೇಕ ಭಾಗ ಬೇಡ, ಲಿನಕ್ಸಿನ ಒಂದು ಬಗೆಯಾದ ಉಬುಂಟು 17.04ರಿಂದಲೇ ಸ್ವಾಪ್ ಫೈಲಿಗೆ ಹೊರಳಿದೆ. ರ್‍ಯಾಮಿನ ಎರಡು ಪಟ್ಟು ಸ್ವಾಪ್ ಇರಬೇಕೆಂಬುದು ರ್‍ಯಾಮ್ ದುಬಾರಿಯಾಗಿದ್ದ ಕಾಲದ ಲೆಕ್ಕ. ಹೈಬರ್ನೇಟ್ ಮಾಡುವವರು (ತೆರೆದ ಕೆಲಸವನ್ನು ಡಿಸ್ಕಿಗೆ ಬರೆದು ಆಫ್ ಮಾಡುವವರು) ರ್‍ಯಾಮಿನಷ್ಟು ಇಟ್ಟುಕೊಂಡರೆ ಸಾಕು.

ಎರಡನೆಯ ಪ್ರಶ್ನೆಗೆ ಉತ್ತರ: ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಇದರ ಬೇರು ಎಲ್ಲಿದೆ ಎಂದು ನನಗೆ ಗೊತ್ತು. ಚಿಕ್ಕಮಗಳೂರಿನ ಅಂಗಡಿಯಲ್ಲಾಗಲಿ ಹಾಸನದ ಅಂಗಡಿಯಲ್ಲಾಗಲಿ, ಹೊಸ ಕಂಪ್ಯೂಟರ್ ಕೊಡುವಾಗ ಸಿ, ಡಿ, ಇ ಎಂದು ಮೂರು ಡ್ರೈವ್ ಮಾಡಿಕೊಟ್ಟು, ‘ಸಿ ಹೋದರೂ ಡಿ ಇರುತ್ತದೆ ಸಾರ್’ ಎಂದು ಹೇಳಿ ಕಳುಹಿಸುತ್ತಿದ್ದರು. ವಿಂಡೋಸ್ ಕೆಟ್ಟು ಮತ್ತೆ ಹಾಕುವಾಗ ಸಿ ಮಾತ್ರ ಫಾರ್ಮ್ಯಾಟ್ ಆಗುತ್ತಿತ್ತು, ಡಿ ಉಳಿಯುತ್ತಿತ್ತು. ಅಷ್ಟರ ಮಟ್ಟಿಗೆ ಮಾತು ನಿಜ. ಆದರೆ ಅಲ್ಲಿ ‘ಹೋದದ್ದು’ ವಿಂಡೋಸ್, ಡಿಸ್ಕ್ ಅಲ್ಲ.

ಭಾಗ ಎಂದರೇನು ಎಂದು ಒಮ್ಮೆ ನೋಡಿ. ಡಿಸ್ಕಿನ ಆರಂಭದಲ್ಲಿ ಒಂದು ಪಟ್ಟಿ ಇರುತ್ತದೆ. ಈಗಿನ ಜಿಪಿಟಿ ಪದ್ಧತಿಯಲ್ಲಿ ಒಂದೊಂದು ಭಾಗಕ್ಕೆ ಸಾಮಾನ್ಯವಾಗಿ 128 ಬೈಟಿನ ಒಂದು ನಮೂದು: ಇಂಥ ಸೆಕ್ಟರಿನಿಂದ ಇಂಥ ಸೆಕ್ಟರಿನವರೆಗೆ ಇಂಥ ಭಾಗ. ಇದೇ ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ. ಮುಗಿಯಿತು. ಗೋಡೆಯೂ ಇಲ್ಲ, ಬೀಗವೂ ಇಲ್ಲ. ಕಣದಲ್ಲಿ ಅರೇಬಿಕಾ ಒಂದು ಕಡೆ, ರೊಬಸ್ಟಾ ಇನ್ನೊಂದು ಕಡೆ ಹರಡಿ ನಡುವೆ ಗೆರೆ ಎಳೆದರೆ, ಅಕಾಲದ ಮಳೆ ಗೆರೆ ನೋಡಿಕೊಂಡು ಬೀಳುವುದಿಲ್ಲ.

ಎಸ್‌ಎಸ್‌ಡಿಯಲ್ಲಂತೂ ಆ ಗೆರೆಗೂ ಅರ್ಥ ಕಡಿಮೆ. ಮೆಮೊರಿ ಚಿಪ್‌ಗಳು ಸಮನಾಗಿ ಸವೆಯಲಿ ಎಂದು ಒಳಗಿನ ಕಂಟ್ರೋಲರ್ ತನಗೆ ಬೇಕಾದಲ್ಲಿ ಬರೆಯುತ್ತದೆ. ಲಿನಕ್ಸ್ ಕೊಟ್ಟ ಸೆಕ್ಟರ್ ಸಂಖ್ಯೆ ಬೇರೆ, ಅದು ನಿಜವಾಗಿ ಕೂತ ಜಾಗ ಬೇರೆ. ನಿಮ್ಮ ಮಗಳ ನಾಮಕರಣದ ಫೋಟೊವೂ ರೂಟಿನ ಯಾವುದೋ ಲೈಬ್ರರಿ ಫೈಲೂ ಒಂದೇ ಚಿಪ್‌ನಲ್ಲಿ ಅಕ್ಕಪಕ್ಕ ಇರಬಹುದು. ಕಂಟ್ರೋಲರೇ ಸತ್ತರೆ ಎರಡೂ ಭಾಗ ಒಂದೇ ಕ್ಷಣದಲ್ಲಿ ಮಾಯ. ಪಟ್ಟಿ ನೋಡುವ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ ಕೊಟ್ಟರೆ ಆ ಡಿಸ್ಕಿನ ಹೆಸರೇ ಬರುವುದಿಲ್ಲ. ಲ್ಯಾಪ್‌ಟಾಪ್ ಕಳುವಾದರೂ ಅಷ್ಟೇ, ಮೇಲೆ ಕಾಫಿ ಚೆಲ್ಲಿದರೂ ಅಷ್ಟೇ. ರೂಟಿನಿಂದ ಕೆಳಗಿನದೆಲ್ಲ ಅಳಿಸು ಎಂದು ಕೈತಪ್ಪಿ ಆಜ್ಞೆ ಕೊಟ್ಟರೆ, ಮೌಂಟ್ ಆಗಿರುವ, ಅಂದರೆ ರೂಟಿನಡಿ ಫೋಲ್ಡರಾಗಿ ಜೋಡಿಸಿರುವ ಹೋಮ್ ಒಳಕ್ಕೂ ಅದು ಸಲೀಸಾಗಿ ನುಗ್ಗುತ್ತದೆ.

ಹಾಗಾದರೆ ಹೋಮ್ ಬೇರೆ ಮಾಡುವುದರಲ್ಲಿ ಪ್ರಯೋಜನವೇ ಇಲ್ಲವೇ? ಇದೆ, ಲಿನಕ್ಸನ್ನು ಪದೇಪದೇ ಬದಲಾಯಿಸುವವರಿಗೆ. ಹೊಸದು ಹಾಕುವಾಗ ರೂಟ್ ಮಾತ್ರ ಫಾರ್ಮ್ಯಾಟ್ ಮಾಡಿ ಹೋಮ್ ಹಾಗೆಯೇ ಬಿಡಬಹುದು, ಹೋಮ್ ಮುಂದಿನ ‘ಫಾರ್ಮ್ಯಾಟ್’ ಚೌಕಕ್ಕೆ ಟಿಕ್ ಬೀಳದಂತೆ ನೋಡಿಕೊಂಡರೆ. ಆದರೆ ಅದಕ್ಕೊಂದು ಬೆಲೆಯಿದೆ. ರೂಟಿಗೆ 30 ಜಿಬಿ ಸಾಕೆಂದು ಕೊಟ್ಟವರು ಫ್ಲ್ಯಾಟ್‌ಪ್ಯಾಕ್, ಸ್ನ್ಯಾಪ್, ಡಾಕರ್‌ನಂಥ, ತಂತ್ರಾಂಶಗಳನ್ನು ಇಡೀ ಕಟ್ಟಾಗಿ ತರುವ ಸಾಧನಗಳನ್ನು ಹಾಕುತ್ತಾ ಹೋಗುತ್ತಾರೆ. ಅವು ಸಾಮಾನ್ಯವಾಗಿ ಹೋಗಿ ಕೂರುವುದು ‘ವಾರ್’ ಫೋಲ್ಡರಿನಲ್ಲಿ, ಅಂದರೆ ರೂಟಿನಲ್ಲಿ. ಒಂದು ದಿನ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ. ಪಕ್ಕದ ಹೋಮಿನಲ್ಲಿ 300 ಜಿಬಿ ಖಾಲಿಯಿದ್ದರೂ ಉಪಯೋಗಕ್ಕೆ ಬಾರದು. ಎಕ್ಸ್‌ಟಿ4 ಹಿಗ್ಗಿಸುವುದು ಸುಲಭ. ಕುಗ್ಗಿಸಬೇಕಾದರೆ ಅನ್‌ಮೌಂಟ್ ಮಾಡಬೇಕು, ಪೆನ್‌ಡ್ರೈವ್‌ನಿಂದ ಬೂಟ್ ಮಾಡುವ ರಗಳೆ. ಬೇರೆ ಮಾಡಲೇಬೇಕೆಂಬ ಹಟವಿದ್ದರೆ ರೂಟಿಗೆ 80 ಜಿಬಿಯಾದರೂ ಕೊಡಿ.

ಲೆಕ್ಕಪತ್ರ ಉಳಿಯಬೇಕಾದರೆ ಇನ್ನೊಂದು ಡಿಸ್ಕ್ ಬೇಕು. ಯುಎಸ್‌ಬಿ ಹಾರ್ಡ್ ಡಿಸ್ಕ್ ತಂದು ‘ಆರ್‌ಸಿಂಕ್’ನಲ್ಲಿ ನಕಲು ಮಾಡಿ, ಕೇಬಲ್ ಕಳಚಿ ಬೀರುವಿನಲ್ಲಿಡಿ. ಕಳಚುವುದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂಗಾರಿಗೆ ಮೊದಲಿನ ಗುಡುಗು ಮಿಂಚು ಮಲೆನಾಡಿನವರಿಗೆ ಹೊಸದಲ್ಲ.

ನೀವು ಕೇಳಲಿಲ್ಲ, ಆದರೂ ಮುಂದೆ ಕೇಳುತ್ತೀರಿ: 512 ಜಿಬಿ ಡಿಸ್ಕ್ 476.9 ಎಂದು ಏಕೆ ತೋರಿಸುತ್ತದೆ? ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಮೇಲೆ ಹೇಳಿದ ‘ಎಲ್‌ಎಸ್‌ಬಿಎಲ್‌ಕೆ’ ಆಜ್ಞೆ 1024ರ ಲೆಕ್ಕದಲ್ಲಿ. ಯಾರೂ ಮೋಸ ಮಾಡಿಲ್ಲ. ಅದರ ಮೇಲೆ ಎಕ್ಸ್‌ಟಿ4 ಪ್ರತಿ ಭಾಗದಲ್ಲೂ ಶೇ 5ರಷ್ಟನ್ನು ರೂಟ್ ಎಂಬ ನಿರ್ವಾಹಕ ಬಳಕೆದಾರನಿಗೆಂದು ಕಾದಿರಿಸುತ್ತದೆ. 400 ಜಿಬಿಯ ಹೋಮ್ ಮಾಡಿದರೆ 20 ಜಿಬಿ ಅಲ್ಲೇ ಹೋಯಿತು. ಬರೀ ಫೋಟೊ ಇಡುವ ಭಾಗದಲ್ಲಿ ‘ಟ್ಯೂನ್‌2ಎಫ್‌ಎಸ್’ನಿಂದ ಅದನ್ನು ಶೇ 1ಕ್ಕೆ ಇಳಿಸಬಹುದು. ರೂಟಿನಲ್ಲಿ ಮಾತ್ರ ಕೈಹಾಕಬೇಡಿ. ಡಿಸ್ಕ್ ತುಂಬಿದ ದಿನ ಒಳಗೆ ಹೋಗಿ ಕಸ ಅಳಿಸಲು ಆ ಜಾಗವೇ ಬೇಕಾಗುತ್ತದೆ.