ಪಾಶ್ಚುರೆಲ್ಲಾ: ಬೆಕ್ಕಿನ ಬಾಯಿಂದ ನಮ್ಮ ಎದೆಗೆ

ಮಳೆಗಾಲಕ್ಕೆ ಮುಂಚೆ ನಮ್ಮ ಗಂಗಾವತಿ ಕಡೆ ಹಳ್ಳಿಗಳಲ್ಲಿ ದನ, ಎಮ್ಮೆಗಳಿಗೆ ಗಳಲೆ ರೋಗದ ಲಸಿಕೆ ಹಾಕಿಸುತ್ತಾರೆ. ಗಂಟಲು ಬಾತು, ಉಸಿರು ಕಟ್ಟಿ, ಒಂದೆರಡು ದಿನದಲ್ಲೇ ಎಮ್ಮೆ ಸಾಯುವ ರೋಗ ಅದು. ಅದನ್ನು ತರುವ ಬ್ಯಾಕ್ಟೀರಿಯಾದ ಹೆಸರು ಪಾಶ್ಚುರೆಲ್ಲಾ ಮಲ್ಟೊಸಿಡಾ.

ಮೊದಲ ಪದ ವಿಜ್ಞಾನಿ ಲೂಯಿ ಪಾಶ್ಚರ್ ಅವರ ನೆನಪಿಗೆ ಇಟ್ಟದ್ದು. ಕೋಳಿಗಳಿಗೆ ಬರುವ ಕಾಲರಾಕ್ಕೂ ಇದೇ ಬ್ಯಾಕ್ಟೀರಿಯಾ ಕಾರಣ. ಅದರ ಕಸುವು ತಗ್ಗಿಸಿ ಲಸಿಕೆ ಮಾಡಬಹುದೆಂದು ಅವರು 1880ರಲ್ಲಿ ತಿಳಿಸಿದರು. ಎರಡನೆಯದು ಲ್ಯಾಟಿನ್ ಪದ. ‘ಹಲವು ಜೀವಿಗಳನ್ನು ಕೊಲ್ಲುವಂಥದ್ದು’ ಎಂದರ್ಥ.

ಇದರಲ್ಲಿ ತಳಿಗಳು ಬೇರೆ ಬೇರೆ. ಬಹುಪಾಲು ಬೆಕ್ಕುಗಳ ಬಾಯಲ್ಲಿ ಇದು ಇರುತ್ತದೆ, ನಾಯಿಗಳಲ್ಲೂ ಇರುತ್ತದೆ. ಅವಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮನುಷ್ಯರಿಗೆ ಸಾಮಾನ್ಯವಾಗಿ ಕಚ್ಚಿದ, ಪರಚಿದ ಗಾಯದಿಂದ ಬರುತ್ತದೆ. ಒಂದೇ ದಿನದಲ್ಲಿ ಆ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ.

ಎದೆಗೆ ಇಳಿಯುವುದು ಅಪರೂಪ. ಇಳಿಯಲು ಕಚ್ಚಲೇಬೇಕು ಅಂತಿಲ್ಲ. ನಮ್ಮಜ್ಜಿ ಐವತ್ತು ವರ್ಷ ಕಟ್ಟಿಗೆ ಒಲೆ ಮುಂದೆ ಕೂತು ಜೋಳದ ರೊಟ್ಟಿ ಬಡಿದವಳು. ಕೊನೆಗೆ ದಮ್ಮು ಹತ್ತಿತು. ರಾತ್ರಿ ಬೆಕ್ಕು ಅವಳ ಕೌದಿಯೊಳಗೇ ಮಲಗುತ್ತಿತ್ತು. ಬೆಳಗ್ಗೆ ಗಲ್ಲ ನೆಕ್ಕಿ ಎಬ್ಬಿಸುತ್ತಿತ್ತು. ಅವಳಿಗೆ ಈ ಸೋಂಕು ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಇದು ಹಿಡಿಯುವುದು ಇಂಥವರನ್ನೇ. ನಮ್ಮ ಉಸಿರಿನ ಕೊಳವೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲಿನಂಥ ಎಳೆಗಳಿವೆ. ದೂಳು, ಸೂಕ್ಷ್ಮಾಣು ಅಂಟಿದ ಕಫವನ್ನು ಅವು ಹಗಲೂ ರಾತ್ರಿ ಮೇಲಕ್ಕೆ ತಳ್ಳುತ್ತಿರುತ್ತವೆ. ಒಲೆಯ ಹೊಗೆ, ಬೀಡಿ, ವರ್ಷಗಟ್ಟಲೆ ಕುಡಿದ ದೂಳು ಆ ಎಳೆಗಳನ್ನು ಹಾಳು ಮಾಡುತ್ತವೆ. ಕಫ ಅಲ್ಲೇ ನಿಲ್ಲುತ್ತದೆ. ನಿಂತ ಕಫದಲ್ಲಿ ಪಾಶ್ಚುರೆಲ್ಲಾ ಮನೆ ಮಾಡುತ್ತದೆ. ಸಿಒಪಿಡಿ (ಉಸಿರಿನ ಕೊಳವೆ ಕಿರಿದಾಗಿ ವರ್ಷಗಟ್ಟಲೆ ಕಾಡುವ ದಮ್ಮು) ಇರುವವರು, ಹಳೆಯ ಟಿಬಿಯಿಂದ ಉಸಿರಿನ ಕೊಳವೆ ಹಿಗ್ಗಿದವರು, ಲಿವರ್ ಕಾಯಿಲೆಯವರು ಜಾಸ್ತಿ ಎಚ್ಚರದಿಂದಿರಬೇಕು.

ಜ್ವರ, ಕೆಮ್ಮು, ಎದೆನೋವು: ಎಲ್ಲಾ ಮಾಮೂಲಿ ನ್ಯುಮೋನಿಯಾದಂತೆಯೇ. ಎಕ್ಸ್‌ರೇ ನೋಡಿ ಬೇರೆ ಅಂತ ಹೇಳಲಾಗದು. ಕಫದ ಕಲ್ಚರ್, ಅಂದರೆ ಅದರಲ್ಲಿನ ಸೂಕ್ಷ್ಮಾಣುವನ್ನು ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಬೇಕು. ಪೆನ್ಸಿಲಿನ್ ಗುಂಪಿನ ಔಷಧಿಗೆ ಇದು ಸಾಮಾನ್ಯವಾಗಿ ಬಗ್ಗುತ್ತದೆ. ಆದರೆ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತರುವ ಸೆಫಲೆಕ್ಸಿನ್, ಎರಿಥ್ರೋಮೈಸಿನ್‌ನಂಥ ಮಾತ್ರೆಗಳಿಗೆ ಅಷ್ಟಾಗಿ ಜಗ್ಗುವುದಿಲ್ಲ.

ಅಜ್ಜಿಯನ್ನು ಎಷ್ಟೋ ಸಲ ಆಸ್ಪತ್ರೆಗೆ ಕರೆದೊಯ್ದಿದ್ದೇವೆ. ಬೀಡಿ ಸೇದುತ್ತಾರಾ, ಟಿಬಿ ಇತ್ತಾ ಅಂತ ಕೇಳುತ್ತಿದ್ದರು. ಬೆಕ್ಕಿನ ಮಾತು ಯಾರೂ ಎತ್ತಲಿಲ್ಲ, ನಮಗೂ ಹೇಳಬೇಕು ಅಂತ ಹೊಳೆಯಲಿಲ್ಲ. ನಿಮ್ಮ ಮನೆಯಲ್ಲಿ ದಮ್ಮಿನ ಹಿರಿಯರಿದ್ದು ಜ್ವರ ಬಂದರೆ, ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ: ‘ಬೆಕ್ಕು ಇವರ ಮಗ್ಗುಲಲ್ಲೇ ಮಲಗುತ್ತೆ ರೀ.’