ಹೆಸರು ಬೇಡ, ದಾವಣಗೆರೆ

ಚಿಕ್ಕವ್ವ ಆ ಕಾಗದ ಬರೆದಿದ್ದು ಅಡುಗೆಮನೆಯಲ್ಲಿ, ರೊಟ್ಟಿ ಮಣೆ ಮಗುಚಿ ಹಾಕಿ ಅದರ ಬೆನ್ನ ಮೇಲೆ. ತಿಳಿನೀಲಿ ಇನ್‌ಲ್ಯಾಂಡ್ ಲೆಟರ್. ಮೂರು ಮಡಿಕೆಯಲ್ಲೂ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದಳು. 1984ರ ಬೇಸಿಗೆ. ನನಗಾಗ ಹತ್ತು ವರ್ಷ. ಅನ್ನದ ಅಗುಳು ತಿಕ್ಕಿ ಅಂಟಿಸಿ ನನ್ನ ಕೈಗೆ ಕೊಟ್ಟು, "ಓಣಿ ಡಬ್ಬಿಗೆ ಹಾಕಬ್ಯಾಡ, ಸ್ಟೇಷನ್ ಹತ್ರ ಹಾಕಿ ಬಾ" ಅಂದಳು. ಓಣಿಯ ಡಬ್ಬಿ ತೆಗೆಯುವ ಪೋಸ್ಟ್‌ಮ್ಯಾನ್‌ಗೆ ನಮ್ಮ ಮನೆಯವರೆಲ್ಲರ ಅಕ್ಷರದ ಗುರುತು ಇತ್ತು.

ಕಾಗದ ಹೋಗಿದ್ದು ಬೆಂಗಳೂರಿನ ಒಂದು ವಾರಪತ್ರಿಕೆಗೆ. ವಿಷಯ ಇಷ್ಟು: ತವರಿನಿಂದ ತಂದ ಎರಡು ಬಂಗಾರದ ಬಳೆಯನ್ನು ಚಿಕ್ಕವ್ವ ತನ್ನ ತಮ್ಮನಿಗೆ ಅಡ ಇಡಲು ಕೊಟ್ಟಿದ್ದಳು. ಗಂಡನಿಗೆ ಹೇಳಿರಲಿಲ್ಲ. ಹೇಳಲೋ, ಬಿಡಿಸಿಕೊಂಡು ಬರುವ ತನಕ ಸುಮ್ಮನಿರಲೋ? ಕೆಳಗೆ ಸಹಿಯ ಜಾಗದಲ್ಲಿ ಬರೆದಿದ್ದು "ಹೆಸರು ಬೇಡ, ದಾವಣಗೆರೆ". ಆಗಿನ್ನೂ ನಮ್ಮದು ಚಿತ್ರದುರ್ಗ ಜಿಲ್ಲೆ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ.

ಮೊನ್ನೆ ಫೇಸ್‌ಬುಕ್ ಗುಂಪೊಂದರಲ್ಲಿ ಹೆಚ್ಚುಕಡಿಮೆ ಇದೇ ಪ್ರಶ್ನೆ ಕಂಡಿತು. ಬಳೆಯ ಬದಲು ಸರ, ಅಂಗಡಿಯ ಬದಲು ಗೋಲ್ಡ್ ಲೋನ್ ಕಂಪನಿ. ರಾತ್ರಿ ಹತ್ತರ ಸುಮಾರಿಗೆ ಹಾಕಿದ ಪೋಸ್ಟಿಗೆ ಬೆಳಗ್ಗೆ ಹಾಲು ಬರುವ ಹೊತ್ತಿಗೆ ನೂರಕ್ಕೂ ಮೀರಿ ಕಾಮೆಂಟು. ಮನೆಯ ಗುಟ್ಟನ್ನು ಊರ ಮುಂದೆ ಇಡುವ ಈ ಚಟ ಮೊಬೈಲಿನಿಂದ ಬಂತು ಅನ್ನುವವರು ಬಹಳ. ನಾನು ಒಪ್ಪುವುದಿಲ್ಲ. ಗುರುತಿಲ್ಲದವರನ್ನು ಕೇಳುವುದು ಹಳೆಯದು. ಆದರೆ ಆ ಹಳೆಯ ರೂಢಿಯಲ್ಲಿ ಇದ್ದ ಒಂದು ಮುಖ್ಯ ಸಂಗತಿ ಈಗಿನದರಲ್ಲಿ ಕಳೆದುಹೋಗಿದೆ.

ನಮ್ಮ ಸೀಮೆಯಲ್ಲಿ ಕೇಳುವುದಕ್ಕೆ ಜಾಗಗಳೇನು ಕಮ್ಮಿ ಇರಲಿಲ್ಲ. ಮದುವೆ ಮಾಡಬೇಕೆ, ಬೋರ್‌ವೆಲ್ ಕೊರೆಸಬೇಕೆ ಎಂದು ದೇವರ ಮುಂದೆ ಕೂತು ಹೂ ಕೇಳುತ್ತಿದ್ದರು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ತಡೆ. ಇವತ್ತಿಗೂ ಕೇಳುತ್ತಾರೆ. ಕಣಿ ಹೇಳುವ ಕೊರವಂಜಿ ಬಂದರೆ ಹೆಂಗಸರು ಹಿತ್ತಿಲ ಬಾಗಿಲಿಗೆ ಕರೆಯುತ್ತಿದ್ದರು. ಮೊರದಲ್ಲಿ ಅಕ್ಕಿ ಹಾಕಿ, ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳದೆಯೇ ಕೇಳಬಹುದಾಗಿತ್ತು. ಅವಳು ನಾಳೆ ಬೇರೆ ಊರಲ್ಲಿರುತ್ತಾಳೆ ಅನ್ನುವುದೇ ಧೈರ್ಯ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡರಲ್ಲಿ, ಕಾಡುಗೊಲ್ಲರಲ್ಲಿ ಕಟ್ಟೆಮನೆಗಳಿವೆ. ಕುಲದ ನ್ಯಾಯ ಅಲ್ಲಿ ತೀರುತ್ತಿತ್ತು. ಬೇರೆಯವರಿಗೆ ಅರಳಿಕಟ್ಟೆ ಇತ್ತು. ಆದರೆ ಕಟ್ಟೆ ಏರಿ ಕೂರುವವರು ಗಂಡಸರು. ಹೆಂಗಸು ಅಲ್ಲಿ ಹೋಗಿ "ನನ್ನ ಬಳೆ ನಾನು ಕೊಟ್ಟಿದ್ದು ತಪ್ಪಾ?" ಎಂದು ಕೇಳುವ ಮಾತೇ ಇಲ್ಲ. ಮನೆಯಲ್ಲಿ ಅತ್ತೆಯನ್ನೋ ತಾಯಿಯನ್ನೋ ಕೇಳಿದರೆ ಸಿದ್ಧವಾಗಿದ್ದ ಉತ್ತರ ಒಂದೇ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅಲ್ಲದೆ ಹತ್ತಿರದವರು ಮರೆಯುವುದಿಲ್ಲ. ಇವತ್ತು ಅತ್ತು ಹೇಳಿಕೊಂಡಿದ್ದನ್ನು ಹತ್ತು ವರ್ಷದ ನಂತರ ಮಗಳ ಮದುವೆ ಚಪ್ಪರದಲ್ಲಿ ಎತ್ತಿ ಆಡುತ್ತಾರೆ. ಗುರುತಿಲ್ಲದವರ ಹತ್ತಿರ ಹೋಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಸಿರಿಗೆರೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಚಿತ್ರದುರ್ಗ ತಾಲ್ಲೂಕಿನ ಸಿರಿಗೆರೆಯ ತರಳಬಾಳು ಬೃಹನ್ಮಠದಲ್ಲಿ ಸದ್ಧರ್ಮ ನ್ಯಾಯಪೀಠ ಇದೆ. ಸೋಮವಾರ ಬಂತೆಂದರೆ ಸುತ್ತಲ ಜಿಲ್ಲೆಗಳಿಂದ ಜನ ಬಂದು ಕೂರುತ್ತಾರೆ. ಹೊಲದ ಬದು, ಅಣ್ಣತಮ್ಮಂದಿರ ಪಾಲು, ತವರು ಸೇರಿದ ಸೊಸೆ, ಕೈಸಾಲ. ಕೋರ್ಟಿನ ಅಧಿಕಾರ ಅದಕ್ಕಿಲ್ಲ. ಬಂದವರು ಒಪ್ಪಿದರೆ ಉಂಟು, ಇಲ್ಲವೆಂದರೆ ಅವರ ದಾರಿ ಅವರಿಗೆ. ಆದರೆ ಅಲ್ಲಿಯ ಒಂದು ಕ್ರಮ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದೂರು ಕೊಟ್ಟವರ ಮಾತು ಕೇಳಿ ತೀರ್ಪು ಕೊಟ್ಟು ಕಳಿಸುವುದಿಲ್ಲ, ಎದುರಿನವರಿಗೂ ಕರೆ ಹೋಗುತ್ತದೆ. ಇಬ್ಬರೂ ಮುಂದೆ ಕೂತು, "ಬುದ್ಧೀ, ಅದು ಹಂಗಲ್ಲ" ಎಂದು ಒಬ್ಬರ ಮಾತನ್ನು ಇನ್ನೊಬ್ಬರು ಕತ್ತರಿಸಬೇಕು. ಆಗ ಅರ್ಜಿಯಲ್ಲಿ ಇಲ್ಲದ ಸಂಗತಿಗಳು ಒಂದೊಂದಾಗಿ ಹೊರಗೆ ಬರುತ್ತವೆ. ಎರಡು ಕಡೆಯವರನ್ನೂ ಕೇಳುವುದು ಅಂದರೆ ಇದು.

ಅಚ್ಚಿನ ಮೂಲಕ ಗುರುತಿಲ್ಲದವರನ್ನು ಕೇಳುವ ರೂಢಿ ಶುರುವಾಗಿದ್ದು ಲಂಡನ್ನಿನಲ್ಲಿ ಎನ್ನಬಹುದು. 1691ರಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ 'ಅಥೇನಿಯನ್ ಮರ್ಕ್ಯುರಿ' ಎಂಬ ಪತ್ರಿಕೆ ತೆಗೆದ. ಓದುಗರು ಹೆಸರಿಲ್ಲದೆ ಪ್ರಶ್ನೆ ಕಳಿಸುವುದು, ಪತ್ರಿಕೆ ಉತ್ತರ ಅಚ್ಚು ಹಾಕುವುದು. ಪ್ರಕೃತಿಯ ವಿಚಾರ, ಧರ್ಮದ ವಿಚಾರ ಎಲ್ಲವೂ ಬರುತ್ತಿದ್ದವು. ಪ್ರೀತಿ, ಮದುವೆ, ಕೊಟ್ಟ ಮಾತಿಗೆ ತಪ್ಪುವುದು ಇಂಥವೂ ರಾಶಿ ಬಿದ್ದವು. 1697ರ ತನಕ ನಡೆಯಿತು.

ನನಗೆ ಹೆಚ್ಚು ಹತ್ತಿರವಾಗುವುದು 1906ರ ನ್ಯೂಯಾರ್ಕ್. ಅಲ್ಲಿ ಯಿಡ್ಡಿಷ್ ಭಾಷೆಯ 'ಫಾರ್ವರ್ಟ್ಸ್' ಪತ್ರಿಕೆಯಲ್ಲಿ ಸಂಪಾದಕ ಅಬ್ರಹಾಂ ಕಹಾನ್ ಓದುಗರ ಪತ್ರಗಳ ಅಂಕಣ ಆರಂಭಿಸಿದ. ಊರು ಬಿಟ್ಟು ಬಂದ ಯಹೂದಿ ಕಾರ್ಮಿಕರು, ಬಟ್ಟೆ ಹೊಲಿಯುವ ಕಾರ್ಖಾನೆಗಳ ಹುಡುಗಿಯರು ಅದಕ್ಕೆ ಬರೆದರು. ಬರೆಯಲು ಬಾರದವರು ಪತ್ರಿಕೆಯ ಕಚೇರಿಗೇ ಬಂದು ಹೇಳಿ ಬರೆಸುತ್ತಿದ್ದರು. ಹತ್ತಿ ಗಿರಣಿಗಳ ಕಾಲದ ದಾವಣಗೆರೆ ಬಲ್ಲವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಿಲ್ಲ. ಹಳ್ಳಿಯ ಕಟ್ಟೆ ಹಿಂದೆ ಉಳಿಯಿತು, ಪಟ್ಟಣದ ಓಣಿಯಲ್ಲಿ ಯಾರೂ ತನ್ನವರಲ್ಲ. ಆಗ ಅಚ್ಚಿನ ಹಾಳೆ ದೊಡ್ಡಪ್ಪನ ಜಾಗದಲ್ಲಿ ಬಂದು ಕೂರುತ್ತದೆ.

ಕನ್ನಡದಲ್ಲಿ ವಾರಪತ್ರಿಕೆಗಳು ಆ ಜಾಗ ತುಂಬಿದವು. ಹರಪನಹಳ್ಳಿಯಲ್ಲಿ 1913ರಲ್ಲಿ ಹುಟ್ಟಿದ ಬೀಚಿ ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಉತ್ತರಗಳನ್ನು ಜನ ಕಾದು ಓದಿದರು. ಅದು ನಗೆಯ ದಾರಿ. ಹರಪನಹಳ್ಳಿ 1997ರಿಂದ 2018ರ ತನಕ ನಮ್ಮ ಜಿಲ್ಲೆಯಲ್ಲೇ ಇದ್ದುದರಿಂದ ಅವರನ್ನು ನಮ್ಮವರೆನ್ನುವ ಹೆಮ್ಮೆ ಇಲ್ಲಿ ಇನ್ನೂ ಇದೆ. ನೋವಿನ ಪ್ರಶ್ನೆಗಳಿಗೆ ಬೇರೆಯವರು ಬೇಕಾಯಿತು. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನ, ಹೆಣ್ಣಿನ ದೇಹ, ಹೆರಿಗೆ, ದಾಂಪತ್ಯದ ಬಗ್ಗೆ ಯಾರೂ ಬಾಯಿಬಿಡದ ಸಂಗತಿಗಳನ್ನು ಮನೆಮಾತಿನ ಕನ್ನಡದಲ್ಲಿ ಬರೆದರು. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ದಶಕಗಳ ಕಾಲ ಜನರ ಮನಸ್ಸಿನ ಪ್ರಶ್ನೆಗಳಿಗೆ ಉತ್ತರಿಸಿದರು; 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೇಳುವವರಿಗೆ ಹೆಸರಿಲ್ಲ, ಹೇಳುವವರಿಗೆ ಹೆಸರುಂಟು. ಈ ವಾರ ತಪ್ಪು ಹೇಳಿದರೆ ಮುಂದಿನ ವಾರ ಅದೇ ಪುಟದಲ್ಲಿ ಉತ್ತರ ಕೊಡಬೇಕಾದವರು ಅವರು.

ಫೋನಿನ ಕಥೆಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಇಂಗ್ಲೆಂಡಿನ ಪಾದ್ರಿ ಚಾಡ್ ವಾರಾ 1935ರಲ್ಲಿ ನಡೆಸಿದ ಮೊದಲ ಅಂತ್ಯಸಂಸ್ಕಾರ ಹದಿನಾಲ್ಕು ವರ್ಷದವಳದು. ಮೈನೆರೆದಾಗ ಅದೇನೆಂದು ಗೊತ್ತಿಲ್ಲದೆ, ಕೆಟ್ಟ ರೋಗ ಬಂದಿದೆ ಎಂದು ಹೆದರಿ ಆಕೆ ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದಿದ್ದರೆ ಉಳಿಯುತ್ತಿದ್ದ ಜೀವ ಎಂಬ ಸಂಕಟ ಅವರನ್ನು ಬಿಡಲಿಲ್ಲ. 1953ರಲ್ಲಿ ಲಂಡನ್ನಿನ ತಮ್ಮ ಚರ್ಚಿನಲ್ಲಿ ಒಂದು ಟೆಲಿಫೋನ್ ಇಟ್ಟು, ಸಂಕಟದಲ್ಲಿರುವವರು ಕರೆ ಮಾಡಿ ಎಂದರು. ಜನ ಕರೆ ಮಾಡಿದರು, ನೇರವಾಗಿಯೂ ಬಂದರು. ಕಾಯುತ್ತಾ ಕೂತವರಿಗೆ ಟೀ ಕೊಟ್ಟು ಮಾತಾಡಿಸುತ್ತಿದ್ದ ಸಾಮಾನ್ಯ ಸ್ವಯಂಸೇವಕರ ಹತ್ತಿರವೇ ಹೇಳಿಕೊಂಡು, ಪಾದ್ರಿಯನ್ನು ನೋಡದೆಯೇ ಎಷ್ಟೋ ಮಂದಿ ಎದ್ದುಹೋಗುತ್ತಿದ್ದರು. ಅದೇ 'ಸಮರಿಟನ್ಸ್' ಸಂಸ್ಥೆಯಾಗಿ ಬೆಳೆಯಿತು. ಬುದ್ಧಿ ಹೇಳುವುದು ಅಲ್ಲಿ ಮುಖ್ಯವಲ್ಲ, ಕೇಳಿಸಿಕೊಳ್ಳುವುದು ಮುಖ್ಯ.

ಇಂಟರ್‌ನೆಟ್ಟಿನ ಕಾಲವನ್ನು ಬೇಗ ಹೇಳಿಬಿಡಬಹುದು. 2005ರಲ್ಲಿ ಬಂದ ಯಾಹೂ ಆನ್ಸರ್ಸ್ ಲೋಕದ ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳುವ ಬಾಗಿಲು ತೆರೆಯಿತು. 2021ರ ಮೇ ತಿಂಗಳಲ್ಲಿ ಮುಚ್ಚಿತು. ಅದು ಮುಚ್ಚುವ ಮೊದಲೇ ಅದೇ ಬಗೆಯ ಪ್ರಶ್ನೋತ್ತರದ ತಾಣ ಕೋರಾ ಬಂದಿತ್ತು, ಕನ್ನಡಕ್ಕೂ ಬಂತು. 2013ರಲ್ಲಿ ರೆಡ್ಡಿಟ್ ಎಂಬ ಚರ್ಚೆಯ ತಾಣದಲ್ಲಿ "ಇದರಲ್ಲಿ ತಪ್ಪು ನನ್ನದಾ?" ಎಂದು ಕೇಳಿ ಜನರಿಂದ ತೀರ್ಪು ಪಡೆಯುವ ರೂಢಿ ಹುಟ್ಟಿತು. ಅಲ್ಲಿ ನಿನ್ನದು ತಪ್ಪು, ಅವರದು ತಪ್ಪು, ಇಬ್ಬರದೂ ತಪ್ಪು, ಯಾರದೂ ತಪ್ಪಲ್ಲ ಎಂಬ ತೀರ್ಪುಗಳ ಜೊತೆಗೆ "ಮಾಹಿತಿ ಸಾಲದು" ಎಂಬುದೂ ಒಂದಿದೆ. ಅದನ್ನು ಯಾರು ಸೇರಿಸಿದರೋ, ಅವರಿಗೆ ನಾನು ಕೈಮುಗಿಯುತ್ತೇನೆ.

ನಮ್ಮಲ್ಲಿ ಹಳ್ಳಿ ಹಳ್ಳಿಗೂ ಇದು ಹರಡಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ, ಡೇಟಾ ಅಗ್ಗವಾಗಿ. ಈಗ ಜಗಳೂರಿನ ಸೊಸೆಯೂ ಹೊಳಲ್ಕೆರೆಯ ಕಾಲೇಜು ಹುಡುಗನೂ ಮಧ್ಯರಾತ್ರಿ ಕಂಬಳಿಯೊಳಗೆ ಫೋನ್ ಹಿಡಿದು ಕೇಳುತ್ತಾರೆ. ಮೊದಲ ಸಾಲು ಯಾವಾಗಲೂ ಒಂದೇ: "ಅಡ್ಮಿನ್ ಸರ್, ದಯವಿಟ್ಟು ಹೆಸರು ಹಾಕಬೇಡಿ." ಫೇಸ್‌ಬುಕ್ ಗುಂಪುಗಳಲ್ಲಿ ಹೆಸರು ಮರೆಸಿ ಪೋಸ್ಟ್ ಹಾಕುವ ಅನುಕೂಲವೂ ಇದೆ. ಆದರೆ ಅದು ಉಳಿದ ಸದಸ್ಯರಿಗೆ ಮಾತ್ರ ಮರೆ. ಗುಂಪು ನಡೆಸುವ ಅಡ್ಮಿನ್‌ಗೆ ಹೆಸರು ಕಾಣುತ್ತದೆ. ಆ ಅಡ್ಮಿನ್ ನಿಮ್ಮೂರಿನವನೇ ಆಗಿದ್ದರೆ? ಇನ್ನು ನಮ್ಮಂಥ ಊರಲ್ಲಿ ಹೆಸರೇ ಬೇಕಿಲ್ಲ. "ಗಂಡ ಅಡಿಕೆ ಖೇಣಿ ಮಾಡ್ತಾರೆ, ಮೈದುನ ಪಿಯು ಲೆಕ್ಚರರ್, ಎರಡು ಹೆಣ್ಣುಮಕ್ಕಳು" ಎಂದು ಬರೆದರೆ ಚನ್ನಗಿರಿಯಲ್ಲಿ ಅರ್ಧ ಊರಿಗೆ ಮನೆ ಯಾವುದೆಂದು ಗೊತ್ತಾಗುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಗಾದೆ. ಈಗ ಆಡಿದ ಮಾತು ಹೋಗುವುದೂ ಇಲ್ಲ. ಪೋಸ್ಟ್ ಅಳಿಸಿದ ಮೇಲೂ ಯಾರದೋ ವಾಟ್ಸ್‌ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಆಗಿ ಉಳಿದಿರುತ್ತದೆ.

ಇದಕ್ಕಿಂತ ನನ್ನನ್ನು ಕಾಡುವುದು ಉತ್ತರಗಳು. ಸರ ಅಡ ಇಟ್ಟವಳ ಪೋಸ್ಟಿನ ಕೆಳಗಿನ ನೂರು ಕಾಮೆಂಟನ್ನೂ ನಾನು ಓದಿದೆ. "ತಮ್ಮನ ಮೇಲೆ ಕಂಪ್ಲೇಂಟ್ ಕೊಡಿ ಸಿಸ್ಟರ್." "ಗಂಡನಿಗೆ ಮೋಸ ಮಾಡಿದೀರ." "ನಿಮ್ಮ ಒಡವೆ, ನಿಮ್ಮಿಷ್ಟ, ಯಾರಿಗೂ ಹೇಳಬೇಡಿ." ಒಬ್ಬ ಶುರು ಮಾಡಿದ ಮೇಲೆ ಹಿಂದಿನವರೆಲ್ಲ ಅದೇ ದಾರಿ. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಿಲ್ಲ. ಬೈದವರಿಗೂ ಮುದ್ದು ಮಾಡಿದವರಿಗೂ ಗೊತ್ತಿದ್ದಿದ್ದು ಆ ಎಂಟು ಸಾಲು ಮಾತ್ರ. ತಮ್ಮ ಏನು ಹೇಳುತ್ತಾನೆ, ಗಂಡ ಎಂಥವನು, ಹೇಳಿದರೆ ಹೊಡೆಯುವವನೋ ಬೇಜಾರು ಮಾಡಿಕೊಂಡು ಸುಮ್ಮನಾಗುವವನೋ, ಯಾರೂ ಕೇಳಲಿಲ್ಲ. ಸಿರಿಗೆರೆಯಲ್ಲಿ ಎದುರಿನವರಿಗೆ ಕರೆ ಹೋಗುತ್ತದೆ. ಇಲ್ಲಿ ಎದುರಿನವರು ಇದ್ದಾರೆ ಅನ್ನುವುದೇ ಯಾರ ಲೆಕ್ಕಕ್ಕೂ ಇಲ್ಲ. ಕೊರವಂಜಿ ಕೂಡ ಕೈ ಹಿಡಿದುಕೊಂಡು ನಾಲ್ಕು ಪ್ರಶ್ನೆ ಕೇಳುತ್ತಿದ್ದಳಲ್ಲ.

ಇಂಥ ಕಡೆ ಕೇಳಲೇಬಾರದು ಎಂದು ನಾನು ಹೇಳಲಾರೆ. ಮನೆಯಲ್ಲಿ ಬಾಯಿ ತೆರೆಯಲಾಗದ ಹುಡುಗಿಗೆ, ತನ್ನಂಥವರು ಇನ್ನೂ ಹತ್ತು ಜನ ಇದ್ದಾರೆ ಎಂದು ತಿಳಿಯುವುದೇ ಉಸಿರು ಬಂದಂತೆ. ಆದರೆ ಹೊಡೆತ, ಬೆದರಿಕೆ ಇರುವ ಮನೆಯ ಮಾತನ್ನು ನೂರು ಜನರ ಮುಂದೆ ಇಡುವ ಮೊದಲು 181 ಮಹಿಳಾ ಸಹಾಯವಾಣಿ ಇದೆ ಎಂದು ಗೊತ್ತಿರಲಿ. ಮನಸ್ಸು ಕುಸಿದವರಿಗೆ ಟೆಲಿ ಮಾನಸ್ ಇದೆ, 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಅಲ್ಲಿರುವವರೂ ಗುರುತಿಲ್ಲದವರೇ. ಆದರೆ ಅವರು ಮರುಪ್ರಶ್ನೆ ಕೇಳುತ್ತಾರೆ.

ಚಿಕ್ಕವ್ವನ ಕಾಗದಕ್ಕೆ ಏಳು ವಾರದ ಮೇಲೆ ಉತ್ತರ ಬಂತು. ಮೂರೇ ಸಾಲು. ಹೇಳಿ ಅಂತಲೂ ಇರಲಿಲ್ಲ, ಹೇಳಬೇಡಿ ಅಂತಲೂ ಇರಲಿಲ್ಲ. "ನಿಮ್ಮನ್ನು ಕೊರೆಯುತ್ತಿರುವುದು ಬಳೆ ಕೊಟ್ಟಿದ್ದೋ, ಮುಚ್ಚಿಟ್ಟಿದ್ದೋ? ಮೊದಲು ಅದನ್ನು ನೋಡಿಕೊಳ್ಳಿ" ಎಂದಿತ್ತು. ಆ ಪುಟ ಕತ್ತರಿಸಿ ಟ್ರಂಕಿನ ತಳಕ್ಕೆ ಹಾಸಿದ ಪೇಪರಿನ ಕೆಳಗೆ ಇಟ್ಟಿದ್ದಳು. ಚಿಕ್ಕಪ್ಪನಿಗೆ ಹೇಳಿದ್ದು ಅದೇ ವಾರ. ಅವರು ಎರಡು ದಿನ ಮಾತು ಬಿಟ್ಟರು, ಮೂರನೆಯ ದಿನ ಭಾವಮೈದುನನನ್ನು ಕರೆದುಕೊಂಡು ತಾವೇ ಅಂಗಡಿಗೆ ಹೋಗಿ ಒಂದು ಬಳೆ ಬಿಡಿಸಿಕೊಂಡು ಬಂದರು. ಇನ್ನೊಂದು ಮುಳುಗಿತು.

ಸರದ ಪೋಸ್ಟನ್ನು ಮೊನ್ನೆ ಅವಳಿಗೆ ಓದಿ ಹೇಳಿದೆ. ಈಗ ಎಪ್ಪತ್ತು ದಾಟಿದ್ದಾಳೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮಂಡಕ್ಕಿ ಒಗ್ಗರಣೆಗೆ ಈರುಳ್ಳಿ ಹೆಚ್ಚುತ್ತಿದ್ದಳು. ಕಾಮೆಂಟುಗಳನ್ನೂ ಓದಿದೆ. ಅರ್ಧಕ್ಕೆ ಕೈ ಎತ್ತಿ ತಡೆದಳು.

"ಆ ಸರ ಯಾರು ಮಾಡಿಸಿ ಕೊಟ್ಟಿದ್ದಂತೆ, ತವರೋರಾ ಗಂಡನಾ?"

"ಗೊತ್ತಿಲ್ಲ, ಬರೆದಿಲ್ಲ."

"ಯಾರೂ ಕೇಳಿಲ್ಲೇನು?"

"ಇಲ್ಲ."

ಈಳಿಗೆ ಬದಿಗೆ ಸರಿಸಿ, ಸೆರಗಿಗೆ ಕೈ ಒರೆಸಿಕೊಂಡು ಫೋನಿನ ಹತ್ತಿರ ಬಂದಳು. "ಬರಿ ಮತ್ತೆ. ತಾಯೀ, ಆ ಸರ ಯಾರ ಕಡೇದು ಅಂತ ಕೇಳು."