ಉತ್ತರ ಕೊಡದ ಸರ್ವರ್ ಸತ್ತಿದೆ ಅಂತ ಹೇಳುವುದು ಹೇಗೆ?

ಸಂದೇಶಗಳನ್ನು ಬರೆದಿಟ್ಟುಕೊಂಡು, ಕೇಳಿದವರಿಗೆ ತಲುಪಿಸುವುದು ಕಾಫ್ಕಾದ ಕೆಲಸ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿದ ಈ ತಂತ್ರಾಂಶ 2011ರಲ್ಲಿ ಓಪನ್ ಸೋರ್ಸ್ ಆಯಿತು. ಇದರಲ್ಲಿ ಬ್ರೋಕರ್ ಎಂಬ ಹಲವು ಸರ್ವರ್‌ಗಳು ಸೇರಿ ದುಡಿಯುತ್ತವೆ. ಸಂದೇಶಗಳನ್ನು ಪಾರ್ಟಿಷನ್ ಎಂಬ ಭಾಗಗಳಾಗಿ ಹಂಚಿರುತ್ತಾರೆ. ಪ್ರತಿ ಪಾರ್ಟಿಷನ್‌ಗೆ ಒಂದು ಬ್ರೋಕರ್ ಲೀಡರ್, ಇನ್ನು ಕೆಲವು ಅದನ್ನು ನಕಲು ಮಾಡಿಕೊಳ್ಳುತ್ತವೆ. ಲೀಡರ್ ಕೆಟ್ಟರೆ ನಕಲು ಇಟ್ಟುಕೊಂಡ ಒಂದು ಬ್ರೋಕರ್ ಆ ಜಾಗಕ್ಕೆ ಬರಬೇಕು.

ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ? ಫೋನ್ ಎತ್ತದವರು ಮಲಗಿರಬಹುದು, ಸಿಗ್ನಲ್ ಇಲ್ಲದ ಕಡೆ ಇರಬಹುದು ಅಲ್ವಾ? ಸರ್ವರ್ ಸುಮ್ಮನಿದ್ದರೂ ಅಷ್ಟೇ, ಕಾರಣ ಹೊರಗಿನಿಂದ ತಿಳಿಯುವುದಿಲ್ಲ. ಇದಕ್ಕೆ ದಾರಿ ವಾಯಿದೆ, ಅಂದರೆ ಲೀಸ್. 1989ರಲ್ಲಿ ಸ್ಟ್ಯಾನ್‌ಫರ್ಡ್‌ನ ಗ್ರೇ ಮತ್ತು ಚೆರಿಟನ್ ಫೈಲ್‌ಗಳ ನಕಲು ಹಳತಾಗದಂತೆ ನೋಡಿಕೊಳ್ಳಲು ಇದನ್ನು ಬಳಸಿದ್ದರು. ಹಕ್ಕು ಕೊಡುವಾಗಲೇ ಅದು ಮುಗಿಯುವ ಹೊತ್ತನ್ನೂ ಹೇಳಿಬಿಡುವುದು. ಬೇಕಿದ್ದವರು ಬಂದು ನವೀಕರಿಸಿಕೊಳ್ಳಬೇಕು.

ಈಗಿನ ಕಾಫ್ಕಾದಲ್ಲಿ ಬ್ರೋಕರ್ ಎದ್ದ ಕೂಡಲೇ, ಎಲ್ಲ ಬ್ರೋಕರ್‌ಗಳ ಮೇಲ್ವಿಚಾರಣೆ ಮಾಡುವ ಕಂಟ್ರೋಲರ್ ಬಳಿ ನೋಂದಾಯಿಸಿಕೊಳ್ಳುತ್ತದೆ. ತನ್ನ ಐಡಿ, ವಿಳಾಸದ ಜೊತೆಗೆ ಆ ಸಲದ ಓಟಕ್ಕೆಂದೇ ಹುಟ್ಟಿಸಿದ ಹೊಸ ಗುರುತೊಂದನ್ನೂ ಕೊಡುತ್ತದೆ. ಒಂದೇ ಐಡಿ ಹಿಡಿದು ಎರಡು ಬ್ರೋಕರ್ ಬಂದರೆ ಪತ್ತೆಯಾಗುವುದು ಈ ಗುರುತಿನಿಂದ. ಕಂಟ್ರೋಲರ್ ಒಂದು ಎಪಾಕ್ ಸಂಖ್ಯೆ ಕೊಡುತ್ತದೆ, ಅಂದರೆ ಪ್ರತಿ ನೋಂದಣಿಗೂ ಏರುತ್ತ ಹೋಗುವ ಸಂಖ್ಯೆ. ಆದರೂ ತಕ್ಷಣ ಕೆಲಸ ಸಿಗುವುದಿಲ್ಲ. ಕ್ಲಸ್ಟರಿನ, ಅಂದರೆ ಇಡೀ ಬ್ರೋಕರ್ ಗುಂಪಿನ, ಇತ್ತೀಚಿನ ಮಾಹಿತಿಯನ್ನೆಲ್ಲ ಓದಿ ಮುಗಿಸುವ ತನಕ ಬ್ರೋಕರ್ ಬೇಲಿಯ ಆಚೆಗೇ ನಿಂತಿರಬೇಕು.

ಆಮೇಲೆ 2 ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್, ಅಂದರೆ 'ಬದುಕಿದ್ದೇನೆ' ಎಂದು ಕಂಟ್ರೋಲರ್‌ಗೆ ಹೇಳುವ ಪುಟ್ಟ ಸಂದೇಶ. ವಾಯಿದೆ ನವೀಕರಿಸಿಕೊಳ್ಳುವುದು ಹೀಗೆ. 9 ಸೆಕೆಂಡ್ ಸದ್ದಿಲ್ಲದಿದ್ದರೆ ಕಂಟ್ರೋಲರ್ ಆ ಬ್ರೋಕರನ್ನು ಬೇಲಿಯ ಹೊರಗೆ ಹಾಕಿ, ಅದರ ಪಾರ್ಟಿಷನ್‌ಗಳಿಗೆ ಹೊಸ ಲೀಡರ್ ನೇಮಿಸುತ್ತದೆ. ಇವು ಡೀಫಾಲ್ಟ್ ಅಂಕಿಗಳು, ಬದಲಿಸಬಹುದು. ವಾಯಿದೆ ತೀರಾ ಚಿಕ್ಕದಾದರೆ ನೆಟ್‌ವರ್ಕ್ ಸ್ವಲ್ಪ ತಡವರಿಸಿದರೂ ಲೀಡರ್ ಬದಲಾಗುತ್ತದೆ. ಜಾಸ್ತಿ ಮಾಡಿದರೆ ನಿಜಕ್ಕೂ ಸತ್ತ ಲೀಡರಿಗಾಗಿ ಎಲ್ಲರೂ ಕಾಯಬೇಕು.

ನನ್ನ ಮಟ್ಟಿಗೆ ಇದರಲ್ಲಿ ಅತ್ಯಂತ ಭಯದ ಸಂಗತಿ ಸತ್ತ ಬ್ರೋಕರ್ ಅಲ್ಲ, ಮರಳಿ ಎದ್ದದ್ದು. ಕಾಫ್ಕಾ ಓಡುವುದು ಜಾವಾ ಯಂತ್ರದ ಮೇಲೆ. ಮೆಮೊರಿ ಗುಡಿಸುವ ಗಾರ್ಬೇಜ್ ಕಲೆಕ್ಷನ್ ಕೆಲವೊಮ್ಮೆ ಇಡೀ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತದೆ. ಲೀಡರ್ ಹೀಗೆ 12 ಸೆಕೆಂಡ್ ನಿಂತಿತು ಅಂದುಕೊಳ್ಳಿ. ಎದ್ದಾಗ ಅದಕ್ಕೆ ಹೊತ್ತು ಕಳೆದದ್ದೇ ಗೊತ್ತಿಲ್ಲ. ತಾನೇ ಲೀಡರ್ ಎಂದು ನಂಬಿ ಸಂದೇಶ ಪಡೆಯಲು ಹೊರಡುತ್ತದೆ. ಅಷ್ಟರಲ್ಲಿ ಇನ್ನೊಂದು ಲೀಡರ್ ಬಂದಾಗಿದೆ!

ಇಲ್ಲಿ ಗಡಿಯಾರ ನಂಬಿದರೆ ಸಾಲದು, ಸಂಖ್ಯೆ ಬೇಕು. ಬ್ರೋಕರ್‌ಗೆ ಇರುವಂತೆ ಪಾರ್ಟಿಷನ್‌ಗೂ ತನ್ನದೇ ಎಪಾಕ್ ಇದೆ, ಲೀಡರ್ ಬದಲಾದಾಗಲೆಲ್ಲ ಅದು ಏರುತ್ತದೆ. ಹೊಸ ಎಪಾಕ್ ತಿಳಿದ ಬ್ರೋಕರ್‌ಗಳು ಹಳೆಯ ಲೀಡರಿನಿಂದ ನಕಲು ಮಾಡಿಕೊಳ್ಳುವುದಿಲ್ಲ. ಹಾಗಾಗಿ ಸಂದೇಶ ಕಳಿಸುವವರು ಆ್ಯಕ್ಸ್ (acks) ಎಂಬ ಸೆಟ್ಟಿಂಗನ್ನು 'ಆಲ್' ಎಂದು ಇಟ್ಟಿದ್ದರೆ, ಅಂದರೆ ಲೀಡರ್ ಜೊತೆ ಸಮವಾಗಿರುವ ನಕಲುಗಳೆಲ್ಲ ಬರೆದುಕೊಂಡ ಮೇಲೆಯೇ ಉತ್ತರ ಬರಲಿ ಎಂದಿದ್ದರೆ, ಹಳೆಯ ಲೀಡರ್ 'ಸಿಕ್ಕಿತು' ಎಂದು ಉತ್ತರ ಕೊಡಲಾರದು. ಕಳಿಸಿದವರು ಮತ್ತೆ ಹೊಸ ಲೀಡರಿಗೆ ಕಳಿಸಬಹುದು. '1' ಎಂದು ಇಟ್ಟಿದ್ದರೆ ಹಳೆಯ ಲೀಡರ್ ತಾನೊಬ್ಬನೇ ಬರೆದುಕೊಂಡು ಉತ್ತರಿಸಿಬಿಡುತ್ತದೆ. ಆಮೇಲೆ ಹೊಸ ಲೀಡರಿನ ಪ್ರತಿಗೆ ಹೊಂದಿಕೊಳ್ಳುವಾಗ ಆ ಸಂದೇಶವನ್ನು ಅಳಿಸಿಹಾಕುತ್ತದೆ. ಹಣದ ಲೆಕ್ಕದಂಥ ಸಂದೇಶಗಳಿಗೆ ದಯವಿಟ್ಟು '1' ಬೇಡ. 3.0 ಆವೃತ್ತಿಯಿಂದ 'ಆಲ್' ಡೀಫಾಲ್ಟ್ ಆಗಿದೆ, ಹಳೆಯ ವ್ಯವಸ್ಥೆ ನಡೆಸುತ್ತಿರುವವರು ಒಮ್ಮೆ ತೆರೆದು ನೋಡಿಕೊಳ್ಳಿ.